ಗಾಡಿ ಗೂಟದ ಗದ್ದೆಮ್ಮ

ಮಟಮಾರಿಯಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಹುಲಿಗೇಶನ ಮನೆಯಂಗಳದಲ್ಲಿ ಆಗಲೇ ಠಣ್ ಠಣ್ ಎಂದು ಹಾರೆ ಬೀಳುತ್ತಿದೆ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ತಲೆಗೊಂದು ಟವೆಲು ಸುತ್ತಿಕೊಂಡು, ಐವತ್ತನಾಲ್ಕು ವರ್ಷದ ಗದ್ದೆಮ್ಮ ಅಂಗಳದ ಸಿಮೆಂಟು ಒಡೆದು ಕುಣಿ ತೋಡುತ್ತಿದ್ದಾರೆ. ನಡುನಡುವೆ ಕುಣಿಯೊಳಗೆ ತೋಳು ಇಳಿಸಿ ನೋಡುತ್ತಾರೆ. ಊಹೂಂ, ಸಾಲದು. ಮತ್ತೆ ಹಾರೆ ಎತ್ತುತ್ತಾರೆ.

"ಮೊಣಕೈ ಮುಳುಗಬೇಕು ನೋಡ್ರಿ. ಮುಳುಗದಿದ್ರ ಅದು ಗೂಟ ಅಲ್ಲ, ಹುಲ್ಲುಕಡ್ಡಿ."

ಹುಲಿಗೇಶ ಹಾಲಿನವನು. ದಿನಾ ಬೆಳಗ್ಗೆ ಮೋಟರ್ ಸೈಕಲ್ಲಿನ ಎರಡೂ ಬದಿಗೆ ಕ್ಯಾನು ತೂಗುಹಾಕಿಕೊಂಡು ರಾಯಚೂರಿಗೆ ಹೋಗುತ್ತಾನೆ. ಈಗ ಹೊತ್ತಾಯಿತೆಂದು ಒಂಟಿಕಾಲಲ್ಲಿ ನಿಂತಿದ್ದಾನೆ. "ಯವ್ವಾ, ಸಾಕ್ ಬಿಡ್ರಿ, ಹಾಲಿಗೆ ತಡ ಆಗಾಕತ್ತದ" ಎನ್ನುತ್ತಾನೆ. ಗದ್ದೆಮ್ಮ ತಲೆಯೆತ್ತುವುದೂ ಇಲ್ಲ. "ಹಾಲು ತಡ ಆದ್ರ ನಾಕ್ ಮಂದಿ ಬೈತಾರ. ಗಾಡಿ ಹೋದ್ರ ಏನ್ ಮಾಡ್ತಿ? ಕ್ಯಾನ್ ತಲಿಮ್ಯಾಲ ಹೊತ್ಕೊಂಡು ರಾಯಚೂರತನ ನಡಿತಿಯೇನ್?" ಹುಲಿಗೇಶ ಮರಳಿನ ಬುಟ್ಟಿ ಎತ್ತಿಕೊಡುತ್ತಾನೆ.

ಗೂಟವೆಂದರೆ ಇಷ್ಟೇ: ಹೆಬ್ಬೆರಳು ಗಾತ್ರದ ಕಬ್ಬಿಣದ ರಾಡನ್ನು ಬಾಗಿಸಿ, ಕೆಳಗಿನ ಎರಡೂ ತುದಿಗಳನ್ನು ಕಾಲು ಚಾಚಿದಂತೆ ಆಚೀಚೆ ಮಡಚಿರುತ್ತಾರೆ. ಕಾಲುಗಳು ಕಾಂಕ್ರೀಟಿನೊಳಗೆ ಹೂತುಹೋಗುತ್ತವೆ. ನೆಲದ ಮೇಲೆ ಉಳಿಯುವುದು ಕೈಬೆರಳು ತೂರುವಷ್ಟು ಒಂದು ಕುಣಿಕೆ. ಅದರೊಳಗಿಂದ ಸರಪಳಿ ಹಾಯಿಸಿ, ಗಾಡಿಯ ಚಕ್ರಕ್ಕೂ ಚೌಕಟ್ಟಿಗೂ ಸುತ್ತಿ ಬೀಗ ಹಾಕಬೇಕು. ಒಂದು ಕಾಲದಲ್ಲಿ ಈ ಅಂಗಳಗಳಲ್ಲಿ ಎತ್ತು ಕಟ್ಟುತ್ತಿದ್ದ ಗೂಟದ ಜಾಗಕ್ಕೆ ಇದು ಬಂದಿದೆ. ಹಾಗಾಗಿ ಜನ ಹೆಸರನ್ನೂ ಬದಲಿಸಲು ಹೋಗಿಲ್ಲ, ಗಾಡಿ ಗೂಟ ಎಂದೇ ಕರೆಯುತ್ತಾರೆ. ಕೆಲಸ ಮಾಡುವವರು ಗಾಡಿ ಗೂಟದ ಗದ್ದೆಮ್ಮ.

ಕಾಂಕ್ರೀಟು ತುಂಬಿ, ಕರಣೆಯಿಂದ ನೆಲ ಸಮ ಮಾಡಿದ ಮೇಲೆ ಪಾಠ ಶುರುವಾಗುತ್ತದೆ. ಮೂರು ದಿನ ನೀರು ಹಾಕಬೇಕು, ನಾಲ್ಕನೇ ದಿನ ಕಟ್ಟಬೇಕು, ಅಲ್ಲಿಯವರೆಗೆ ಗಾಡಿ ಪಡಸಾಲೆಯಲ್ಲಿ. ಮುಂದಿನ ಚಕ್ರ ಗೋಡೆಯ ಕಡೆಗಿರಬೇಕು. ಬೀಗದ ಬಾಯಿ ನೆಲ ನೋಡಬೇಕು. ಸರಪಳಿ ಮಾತ್ರ ಯಾವ ಕಾರಣಕ್ಕೂ ನೆಲಕ್ಕೆ ತಾಗಬಾರದು. "ನೆಲಕ್ಕ ಬಿದ್ದ ಸರಪಳಿ ಮ್ಯಾಲ ಕಳ್ಳ ಸುತ್ತಿಗಿ ಹೊಡಿತಾನ, ಪಟಕ್ಕನ ಹರಿತದ. ತೂಗ್ಯಾಡೋ ಸರಪಳಿಗಿ ಹೊಡದ್ರ ಅದು ಜೋಕಾಲಿ ಆಡ್ತದ, ಅಷ್ಟ." ಅದಕ್ಕೇ ಪ್ರತಿ ಗಾಡಿಗೂ ಮೊದಲೇ ದಾರ ಹಿಡಿದು ಅಳತೆ ಮಾಡಿ ಸರಪಳಿ ಕತ್ತರಿಸಿಕೊಂಡು ಬಂದಿರುತ್ತಾರೆ. ಗೂಟ ಇನ್ನೂ ಹಸಿ, ಹಾಗಾಗಿ ಹುಲಿಗೇಶನ ಗಾಡಿಗಷ್ಟೇ ಸರಪಳಿ ಒಮ್ಮೆ ಸುತ್ತಿ, ಬೀಗ ಒತ್ತಿ, ಎರಡು ಸಲ ಜಗ್ಗಿ ತೋರಿಸುತ್ತಾರೆ. "ಒಮ್ಮೆ ಜಗ್ಗಿದ್ರ ನಿನ್ನ ಸಮಾಧಾನಕ್ಕ. ಎಲ್ಡನೇ ಸಲ ಗಾಡಿ ಸಲುವಾಗಿ."

ಹೊರಡುವ ಮುಂಚೆ ಚೀಲದಿಂದ ಇನ್ನೊಂದು ವಸ್ತು ತೆಗೆದು ಹುಲಿಗೇಶನ ಅಂಗೈಯಲ್ಲಿಡುತ್ತಾರೆ. ಸರಪಳಿ ಕತ್ತರಿಸಿದಾಗ ಉಳಿದ ಒಂದೇ ಒಂದು ಕೊಂಡಿ. "ದಸರಾಕ್ಕ ಇನ್ನ ಹತ್ತು ದಿನ ಅದ. ಆಯುಧ ಪೂಜಿಗೆ ಇದನ್ನ ದೇವರ ಜಗಲಿ ಮ್ಯಾಲ ಇಡು. ಇದನ್ನ ಮಾತ್ರ! ಸರಪಳಿ ಗಾಡಿ ಬಿಟ್ಟು ಕದಲಬಾರ್ದು, ತಿಳೀತಾ?" ಈ ಒಂಟಿ ಕೊಂಡಿಯ ಹಿಂದೆ ಒಂದು ಕಥೆಯಿದೆ. ಅದನ್ನು ಹೇಳುವ ಮೊದಲು ಗದ್ದೆಮ್ಮ ಯಾರೆಂದು ತಿಳಿಯೋಣ.

ಅವರ ತವರು ದೇವದುರ್ಗದ ಕಡೆ. ಮದುವೆಯಾಗಿ ರಾಯಚೂರಿಗೆ ಬಂದವರು ಇಪ್ಪತ್ತು ವರ್ಷ ಗೌಂಡಿಗಳ ಕೈಕೆಳಗೆ ಸಿಮೆಂಟು ಕಲಸಿದರು, ಇಟ್ಟಿಗೆ ಹೊತ್ತರು. ಗಂಡ ಹುಸೇನಪ್ಪ ಗಾಡಿಯ ಮೇಲೆ ಪ್ಲಾಸ್ಟಿಕ್ ಕೊಡಗಳ ಗುಡ್ಡೆ ಕಟ್ಟಿಕೊಂಡು ಹಳ್ಳಿ ಹಳ್ಳಿ ತಿರುಗಿ ಮಾರುವವರು. ಹದಿಮೂರು ವರ್ಷದ ಹಿಂದೆ ಒಂದು ದಿನ, ಹುಸೇನಪ್ಪ ಒಳಗೆ ರೊಟ್ಟಿ ತಿನ್ನುತ್ತಿದ್ದಾಗ ಮನೆಮುಂದಿನ ಗಾಡಿ ಮಾಯವಾಯಿತು. ಹ್ಯಾಂಡಲ್ ಲಾಕು ಹಾಕಿಯೇ ಇತ್ತು. ಅದನ್ನು ಒಂದು ಒದೆತಕ್ಕೆ ಮುರಿಯಬಹುದೆಂದು ಗೊತ್ತಾಗಿದ್ದೇ ಆಮೇಲೆ. "ಬಾಗಲದಾಗಿನ ಮೊಳಿಗೆ ಗಾಡಿ ಕೀಲಿ ಹಂಗೇ ಇತ್ತು ನೋಡ್ರಿ. ನಮ್ಮವರು ದಿನಾ ಮುಂಜಾನೆ ಎದ್ದು ಕೀಲಿ ಕೈಯಾಗ ಹಿಡಕೊಂಡು ಹೊರಗ ಹೋಗಿ ನಿಲ್ಲೋರು. ಗಾಡಿನೇ ಇಲ್ಲ, ಕೀಲಿ ತಗೊಂಡು ಏನ್ ಮಾಡ್ತಾರ?" ಎನ್ನುತ್ತಾರೆ ಗದ್ದೆಮ್ಮ.

ಮುಂದೆ ಹಳೆಯದೊಂದು ಗಾಡಿ ಮನೆಗೆ ಬಂದಾಗ, ಗಂಡ ಪೂಜೆಗೆ ತೆಂಗಿನಕಾಯಿ ತರಲು ಹೋಗಿದ್ದ ಹೊತ್ತಿನಲ್ಲೇ ಅಂಗಳ ಅಗೆದು, ಕಟ್ಟಡದ ಕೆಲಸದಲ್ಲಿ ಉಳಿದಿದ್ದ ರಾಡಿನ ತುಂಡು ಕೇಳಿ ತಂದು ಹೂತರು. ಓಣಿಯವರು ನಕ್ಕರು. ಮುಂದಿನ ತಿಂಗಳು ಅದೇ ಓಣಿಯಲ್ಲಿ ಎರಡು ಗಾಡಿ ಹೋದ ಮೇಲೆ, ನಕ್ಕವರೇ ಬಂದು ಬಾಗಿಲು ಬಡಿದರು.

ಅಂದಿನಿಂದ ಇಂದಿಗೆ ಗೂಟಗಳು ಆರುನೂರು ದಾಟಿವೆ. ಲೆಕ್ಕ ಹೇಳುವವರು ವೆಲ್ಡಿಂಗ್ ಅಂಗಡಿಯ ಮತೀನ್. ಒಂದೊಂದನ್ನೂ ಬಾಗಿಸಿಕೊಟ್ಟವರು ಅವರೇ. "ನಾನು ಬಾಗಸ್ತೀನಿ, ಅವ್ರು ಹೂಳ್ತಾರ. ಒಂದ್ಸಲ ಒಂದು ಗೂಟದ ಕಾಲು ಒಂದಿಂಚು ಕಮ್ಮಿ ಆಗಿತ್ತು. ಬಸ್ಸಿಗೆ ಮಾನ್ವಿತನ ಹೋಗಿದ್ದವ್ರು ತಿರುಗಿ ಬಂದು ನನ್ನ ಮುಂದ ಒಗದ್ರು. ಗದ್ದೆವ್ವಂಗ ಸಿಟ್ಟು ಬಂದ್ರ ನನ್ನ ವೆಲ್ಡಿಂಗ್ ಕಿಡಿ ಏನೂ ಅಲ್ಲ" ಎಂದು ಮತೀನ್ ನಗುತ್ತಾರೆ.

ಕರೆ ಬಂದ ದಿನ ಒಂದು ಗೂಟ, ಬಹಳವೆಂದರೆ ಎರಡು. ಗೊಬ್ಬರದ ಚೀಲದಲ್ಲಿ ಸುತ್ತಿಗೆ, ಚಾಣ, ಕರಣೆ. ಹೆಗಲ ಮೇಲೆ ಹಾರೆ. ಬೆಳಗಿನ ಮೊದಲ ಬಸ್ಸಿಗೆ ಯಾಪಲದಿನ್ನಿಗೋ ದೇವದುರ್ಗಕ್ಕೋ ಹೊರಟರೆ ಕಂಡಕ್ಟರ್ ಕಾಲೆಳೆಯದೆ ಬಿಡುವುದಿಲ್ಲ. "ಗದ್ದೆವ್ವ, ನಿನಗ ಫ್ರೀ ಅದ. ಹಾರಿಗೆ ಟಿಕೆಟ್ ತಗಿಬೇಕು." ಗದ್ದೆಮ್ಮನ ಉತ್ತರವೂ ತಯಾರಿರುತ್ತದೆ. "ಹಾರಿನೂ ಹೆಣ್ಣೇ ರೀ ಯಪ್ಪಾ, ಆಧಾರ್ ಕಾರ್ಡ್ ಒಂದ ಮಾಡಿಸಿಲ್ಲ."

ಇಷ್ಟೆಲ್ಲ ಗಾಡಿ ಕಾದವರು ತಾವು ಗಾಡಿ ಹತ್ತುವುದಿಲ್ಲ. ಹೆದರಿಕೆಯಂತೆ! ಹುಸೇನಪ್ಪ ಎಷ್ಟು ಕರೆದರೂ ಹಿಂದಿನ ಸೀಟಿಗೆ ಕೊಡಗಳೇ ಗತಿ.

ಹೂತ ಗೂಟಗಳ ಪೈಕಿ ಒಂದೂ ಕಿತ್ತು ಬಂದಿಲ್ಲ ಎನ್ನುವುದು ಗದ್ದೆಮ್ಮನ ಹೆಮ್ಮೆ. ಆದರೂ ಹೋದ ವರ್ಷ ಮಹಾನವಮಿಯ ಮರುದಿನ ಬೆಳಗ್ಗೆ ಗಬ್ಬೂರಿನಿಂದ ಫೋನು ಬಂತು. ಅಂಬಿಕಾಳ ಗಾಡಿ ಹೋಗಿತ್ತು.

ಅಂಬಿಕಾ ಸುತ್ತಲಿನ ಹಳ್ಳಿಗಳಿಗೆ ಟಪಾಲು ಮುಟ್ಟಿಸುವ ಹುಡುಗಿ. ಮುದುಕರ ಪಿಂಚಣಿ, ಮದುವೆಯ ಪತ್ರ, ಬ್ಯಾಂಕಿನ ಕಾಗದ ಎಲ್ಲ ಅವಳ ಮೋಟರ್ ಸೈಕಲ್ಲಿನ ಮೇಲೇ ಊರೂರಿಗೆ ಹೋಗುತ್ತವೆ. ಅವಳ ಅಂಗಳದಲ್ಲಿ ಗೂಟ ಹೂತವರು ಗದ್ದೆಮ್ಮ. ಫೋನಿನಲ್ಲಿ ಅವಳು ಹೇಳಿದ್ದು ಒಂದೇ ಮಾತು: "ಗದ್ದೆವ್ವ, ನಿನ್ನ ಗೂಟ ಅದ, ನನ್ನ ಗಾಡಿ ಇಲ್ಲ."

ಗದ್ದೆಮ್ಮ ಉಟ್ಟ ಸೀರೆಯಲ್ಲೇ ಬಸ್ಸು ಹತ್ತಿದರು. ಗೂಟ ಅಲುಗಿರಲಿಲ್ಲ. ಸರಪಳಿ ಎಲ್ಲಿ ಎಂದು ಕೇಳಿದಾಗ ಅಂಬಿಕಾಳ ತಂದೆ ಹನುಮಂತ್ರಾಯ ತಲೆ ತಗ್ಗಿಸಿ ದೇವರ ಜಗಲಿ ತೋರಿಸಿದರು. ಕುಡುಗೋಲು, ಕೊಡಲಿ, ಕಳೆ ತೆಗೆಯುವ ಕುರ್ಚಿಗೆಯ ಪಕ್ಕದಲ್ಲಿ ಸರಪಳಿಯೂ ಬೀಗವೂ ವಿಭೂತಿ ಕುಂಕುಮ ಹಚ್ಚಿಸಿಕೊಂಡು ಚೆಂಡುಹೂವಿನ ನಡುವೆ ಸುಮ್ಮನೆ ಮಲಗಿದ್ದವು. ಆಯುಧ ಪೂಜೆಯಲ್ಲವೇ! ಗಾಡಿ ಕಾಯುವ ಸರಪಳಿಯೂ ಆಯುಧವೇ. ಜಗಲಿಗೆ ಏರಿಸಿದ್ದನ್ನು ಮರುದಿನದ ಪೂಜೆಯಾಗುವ ತನಕ ಮುಟ್ಟುವಂತಿಲ್ಲ. ಹೊರಗೆ ಬಾಳೆಕಂದು ಕಟ್ಟಿಸಿಕೊಂಡು, ಹೂಮಾಲೆ ಹಾಕಿಸಿಕೊಂಡು, ಮದುಮಗನಂತೆ ನಿಂತಿದ್ದ ಗಾಡಿಯನ್ನು ಹಿಡಿದಿಡುವವರೇ ಇಲ್ಲ. ಕಳ್ಳ ಶಾಸ್ತ್ರ ಮಾತ್ರ ತಪ್ಪಿಸಿರಲಿಲ್ಲ. ಚಕ್ರದಡಿ ಇಟ್ಟಿದ್ದ ನಿಂಬೆಹಣ್ಣಿನ ಮೇಲೆ ಹಾಯಿಸಿಕೊಂಡೇ ಹೋಗಿದ್ದ.

ಅಂಬಿಕಾ ಗದ್ದೆಮ್ಮನನ್ನೇ ಕೇಳಿದಳು. "ಬೀಗದ ಬಾಯಿ ಎತ್ತ ಇರಬೇಕು ಅಂತ ಹೇಳಿದಿ, ಎಷ್ಟ್ ಸಲ ಜಗ್ಗಬೇಕು ಅಂತ ಹೇಳಿದಿ. ಇದೊಂದು ಯಾಕ ಹೇಳಲಿಲ್ಲವ್ವಾ?"

ಯಾಕೆ ಹೇಳಿರಲಿಲ್ಲ ಎನ್ನುವುದನ್ನು ಗದ್ದೆಮ್ಮ ಈಗಲೂ ದನಿ ತಗ್ಗಿಸಿಯೇ ಹೇಳುತ್ತಾರೆ. "ಅವತ್ತು ನಮ್ಮ ಮನ್ಯಾಗೂ ಸರಪಳಿ ಜಗಲಿ ಮ್ಯಾಲೇ ಇತ್ರೀ. ಹನ್ನೆಲ್ಡು ವರ್ಷ ಹಂಗೇ ಇಟ್ಟೀನಿ, ನಾನೇ ಕುಂಕುಮ ಹಚ್ಚೀನಿ. ನಮ್ಮ ಗಾಡಿ ಉಳೀತು, ಆ ಹುಡುಗಿದು ಹೋತು. ಕಳ್ಳನ ತಪ್ಪು ಕಳ್ಳಂದು. ನನ್ನ ತಪ್ಪು ನಂದಲ್ಲೇನ್ರಿ?"

ಅಂದು ವಿಜಯದಶಮಿ. ಗಬ್ಬೂರಿನ ಮಂದಿ ಒಬ್ಬರಿಗೊಬ್ಬರು ಬನ್ನಿ ಎಲೆ ಕೊಟ್ಟು ಕಾಲು ಮುಟ್ಟುತ್ತಿದ್ದರು. ಗದ್ದೆಮ್ಮನ ಕೈಗೆ ಯಾರೂ ಒಂದು ಎಲೆ ಹಾಕಲಿಲ್ಲ. ಬರಿಗೈಯಲ್ಲಿ ಬಸ್ ಸ್ಟ್ಯಾಂಡಿಗೆ ನಡೆದರು.

ಆಮೇಲೆ ಆ ಕಡೆಯಿಂದ ಕರೆ ಬರುವುದೇ ನಿಂತಿತು. ಗದ್ದೆಮ್ಮನ ಗೂಟ ಹಿಡಿಯುವುದಿಲ್ಲವಂತೆ ಎನ್ನುವ ಸುದ್ದಿ ಬಸ್ಸಿಗಿಂತ ಮೊದಲು ದೇವದುರ್ಗ ಮುಟ್ಟಿತ್ತು. ಅಂಬಿಕಾ ನಾಲ್ಕು ತಿಂಗಳು ನಡೆದು, ಸಿಕ್ಕ ಟಂಟಂ ಆಟೋ ಹತ್ತಿ ಟಪಾಲು ಹಂಚಿದಳು. ಕೊನೆಗೊಂದು ಹಳೆಯ ಗಾಡಿ ಕೊಂಡಳು. ಆದರೆ ಅದನ್ನು ಗೂಟಕ್ಕೆ ಕಟ್ಟಲಿಲ್ಲ. ದಿನಾ ಸಂಜೆ ಅಪ್ಪ ಮಗಳು ಸೇರಿ ಹೊಸ್ತಿಲು ದಾಟಿಸಿ ಒಳಗೆ ತಂದು ನಿಲ್ಲಿಸುತ್ತಿದ್ದರು. ಹನುಮಂತ್ರಾಯರ ಸೊಂಟ ಹಿಡಿದುಕೊಂಡಿದ್ದೂ ಹಾಗೆಯೇ.

ಗದ್ದೆಮ್ಮನಿಗೆ ಇದು ಕೂತಲ್ಲಿ ನಿಂತಲ್ಲಿ ಚುಚ್ಚುತ್ತಿತ್ತು. ಪೂಜೆ ಬೇಡ ಎನ್ನಲು ಅವರಿಂದಾಗದು, ಗಾಡಿ ಹೋಗಲಿ ಎನ್ನಲೂ ಆಗದು. ಒಂದು ದಿನ ಮತೀನ್ ಅಂಗಡಿಯಲ್ಲಿ, ಕತ್ತರಿಸಿ ಉಳಿದ ಕೊಂಡಿಗಳ ಡಬ್ಬಿ ಕಣ್ಣಿಗೆ ಬಿತ್ತು. "ಮತೀನಣ್ಣ, ಇವನ್ನ ಗುಜರಿಗೆ ಹಾಕಬ್ಯಾಡ. ನನಗ ಬೇಕು" ಎಂದರು. ಪ್ರತಿ ಸರಪಳಿಯ ಒಂದು ಕೊಂಡಿ ದೇವರಿಗೆ, ಮಿಕ್ಕದ್ದು ಗಾಡಿಗೆ. ಸರಪಳಿಗೆ ಕುಂಕುಮ ಹಚ್ಚಬೇಕೆಂದರೆ ಅದು ಇದ್ದಲ್ಲೇ ಹಚ್ಚಿ.

ಈ ಸಲ ದಸರೆಗೆ ತಿಂಗಳಿರುವಾಗಲೇ ಹಳೆಯ ಮನೆಗಳಿಗೆಲ್ಲ ಕೊಂಡಿ ಹಂಚಲು ಹೊರಟರು. ಎಲ್ಲರೂ ಒಪ್ಪಿಬಿಟ್ಟರೆಂದಲ್ಲ. ಮಾನ್ವಿಯಲ್ಲಿ ಅಕ್ಕಿ ಮಿಲ್ಲಿನವರ ಮನೆಯ ಹಿರಿಯಜ್ಜಿ ಶಿವಬಸಮ್ಮ ಅಡ್ಡ ನಿಂತರು. "ಏನ್ ಬೇ, ದೇವರಿಗೆ ತುಂಡು ಕೊಟ್ಟು ಅರ್ಧ ಪೂಜಿ ಮಾಡಂತಿಯೇನ್?" ಗದ್ದೆಮ್ಮ ಅಲ್ಲೇ ಕಟ್ಟೆಯ ಮೇಲೆ ಕೂತರು. "ಯವ್ವಾ, ಹೊಲಕ್ಕ ಪೂಜಿ ಮಾಡಬೇಕಂದ್ರ ಇಡೀ ಹೊಲ ಮನಿಗೆ ತರ್ತೀರೇನ್ರಿ? ಒಂದು ತೆನಿ ತಂದು ಇಡ್ತೀರಿ. ದೇವರಿಗೆ ತಿಳಿಯಂಗಿಲ್ಲೇನು?" ಅಜ್ಜಿ ಬೊಚ್ಚುಬಾಯಿ ತುಂಬ ನಕ್ಕು, ಕೊಂಡಿಯನ್ನು ಕಣ್ಣಿಗೊತ್ತಿಕೊಂಡರು. ಮೇಲೊಂದು ಲೋಟ ಚಹಾ ಬೇರೆ.

ಗಬ್ಬೂರಿಗೆ ಹೋಗಲು ಮಾತ್ರ ಕಾಲು ಬರಲಿಲ್ಲ. ಹಂಚುವ ಮನೆಗಳಲ್ಲಿ ಅದನ್ನೇ ಕಡೆಗೆ ಉಳಿಸಿಕೊಂಡರು. ಹೋದಾಗ ಅಂಬಿಕಾ ಟಪಾಲಿಗೆ ಹೋಗಿದ್ದಳು. ಅಂಗಳದ ಗೂಟ ಕೆಂಪಗೆ ತುಕ್ಕು ಹಿಡಿದಿತ್ತು. ದಿನಾ ಸರಪಳಿ ಉಜ್ಜುವ ಗೂಟ ಬೆಳ್ಳಿಯ ಹಾಗೆ ಹೊಳೆಯುತ್ತದೆ, ಬಿಟ್ಟ ಗೂಟ ಹೀಗೆ. ಗದ್ದೆಮ್ಮ ಸೆರಗಿನಿಂದ ಅದನ್ನು ಒರೆಸಿ, ಕೊಂಡಿಯನ್ನು ಹನುಮಂತ್ರಾಯರ ಕೈಗಿಟ್ಟು, ಹೇಳುವುದನ್ನು ಹೇಳಿ ಬಂದರು. "ನನಗ ಹೆಚ್ಚಿಂದು ಏನೂ ಬ್ಯಾಡ್ರೀ. ಆ ಗೂಟ ಒಂದು ಮತ್ತ ಹೊಳಿಬೇಕು. ಆರುನೂರದಾಗ ಅದೊಂದೇ ನನ್ನ ನಿದ್ದಿ ಕೆಡಸಾಕತ್ತದ" ಎಂದಿದ್ದರು, ಆಮೇಲೆ ಹುಲಿಗೇಶನ ಗೂಟ ಹೂತು ಮಟಮಾರಿಯಿಂದ ಮರಳುವಾಗ.

ಮಹಾನವಮಿ ಕಳೆಯಿತು. ಗಬ್ಬೂರಿನಿಂದ ಫೋನಿಲ್ಲ. ಕಳುವಾದ ಸುದ್ದಿ ಬೇರೆ ಎಲ್ಲಿಂದಲೂ ಇಲ್ಲ. ಈಗ ದಶಮಿಯ ಇಳಿಹೊತ್ತು. ರಾಯಚೂರಿನ ಓಣಿಯಲ್ಲಿ ಹೊಸ ಬಟ್ಟೆ ತೊಟ್ಟ ಮಂದಿ ಬನ್ನಿ ಹಿಡಿದು ಮನೆಮನೆ ತಿರುಗುತ್ತಿದ್ದಾರೆ. ಗದ್ದೆಮ್ಮ ಒಲೆಯ ಮುಂದೆ ಕೂತು ಹೋಳಿಗೆ ಬಿಸಿ ಮಾಡುತ್ತಿದ್ದಾರೆ. ಹೊರಗೆ ಗಾಡಿ ನಿಂತ ಸದ್ದು. ಸ್ವಲ್ಪ ಹೊತ್ತು ಏನೋ ಕಿಣಿಕಿಣಿ. ಆಮೇಲೆ ಬಾಗಿಲಲ್ಲಿ ಅಂಬಿಕಾ! ಕೈಯಲ್ಲಿ ಬನ್ನಿ, ಕಣ್ಣು ನೆಲ ನೋಡುತ್ತಿವೆ.

"ಗದ್ದೆವ್ವ, ನಿನ್ನಿ ರಾತ್ರೆಲ್ಲ ಗಾಡಿ ಗೂಟಕ್ಕೇ ಇತ್ತು. ಕೊಂಡಿ ಜಗಲಿ ಮ್ಯಾಲ ಇತ್ತು. ಅಪ್ಪ ತಾನೇ ಪೂಜಿ ಮಾಡಿದ. ಗೂಟ ಇನ್ನಾ ಕೆಂಪಗ ಅದ, ಹೊಳಿಯಾಕ ನಾಕ್ ದಿನ ಬೇಕು." ಎರಡೂ ಕೈಯಲ್ಲಿ ಎಲೆ ಮುಂದೆ ಹಿಡಿಯುತ್ತಾಳೆ. "ಹೋದ ವರ್ಷ ನಿನಗ ಬನ್ನಿ ಕೊಡಲಿಲ್ಲ. ಎಲ್ಡು ವರ್ಷದ್ದು ಕೂಡಿಸಿ ತಂದೀನಿ, ತಗೋ ಯವ್ವಾ."

ಹುಸೇನಪ್ಪ ಕಣ್ಣೊರೆಸಿಕೊಳ್ಳುತ್ತಾರೆ. ಗದ್ದೆಮ್ಮ ಮಾತ್ರ ಕೈ ಚಾಚುವುದಿಲ್ಲ.

"ಬಂದೀಯಲ್ಲ, ಗಾಡಿ ಎಲ್ಲಿ ಬಿಟ್ಟಿ?"

"ನಿಮ್ಮ ಗೂಟಕ್ಕೇ ಕಟ್ಟೀನಿ, ಮಾಮಾನ ಗಾಡಿ ಮಗ್ಗಲಿಗೆ. ಎಲ್ಡು ಸಲ ಜಗ್ಗೀನಿ."

ಗದ್ದೆಮ್ಮ ಎದ್ದು ತುಪ್ಪದ ಕೈ ಸೆರಗಿಗೆ ಒರೆಸಿಕೊಂಡು ಅಂಗಳಕ್ಕೆ ಹೋಗುತ್ತಾರೆ. ಬೀಗದ ಬಾಯಿ ನೆಲ ನೋಡುತ್ತಿದೆ. ಸರಪಳಿ ನೆಲಕ್ಕೆ ತಾಗಿಲ್ಲ. ಬಗ್ಗಿ ಮೂರನೆಯ ಸಲ ತಾವೂ ಒಮ್ಮೆ ಜಗ್ಗುತ್ತಾರೆ. ಆಮೇಲೆ ತಿರುಗಿ, ಎರಡೂ ಕೈ ಚಾಚುತ್ತಾರೆ.

"ಹಾಂ, ಈಗ ಕೊಡು ಬನ್ನಿ."