ಎಂಟನ್ನು ಒಂಬತ್ತು ಮಾಡಲು ಹೊರಟ ಈರಣ್ಣ

ಈ ಸಲದ ನಾಗರ ಪಂಚಮಿಗೆ ನವಲಗುಂದದಲ್ಲಿ ಒಬ್ಬ ತಮ್ಮ ತನ್ನ ಅಕ್ಕನಿಗೆ, ಅವಳೇ ಕೊಟ್ಟ ವಸ್ತುವನ್ನು ಮುಟ್ಟಬೇಡ ಎಂದ. ನಾನು ಎದುರಿಗೇ ಕೂತಿದ್ದೆ, ಕೈಯಲ್ಲಿ ಶೇಂಗಾ ಉಂಡಿ.

ತಮ್ಮನ ಹೆಸರು ಈರಣ್ಣ. ನನ್ನ ಹಳೆಯ ಗೆಳೆಯ, ಬೀಜ-ಗೊಬ್ಬರದ ಅಂಗಡಿ ಇಟ್ಟಿದ್ದಾನೆ. ವಸ್ತು ಏನು? ಒಂದು ಕ್ರಿಕೆಟ್ ಕಾರ್ಡು. ನಾವು ಚಿಕ್ಕವರಿದ್ದಾಗ ಚೂಯಿಂಗ್ ಗಮ್ ಪ್ಯಾಕೆಟ್ಟಿನಲ್ಲಿ ಆಟಗಾರರ ಚಿತ್ರ ಬರುತ್ತಿತ್ತಲ್ಲ, ಅದೇ. ಗಮ್ಮನ್ನು ಅಕ್ಕ ಗಿರಿಜಾ ಜಗಿದಳು, ಚಿತ್ರವನ್ನು ತಮ್ಮನಿಗೆ ಕೊಟ್ಟಳು. ಅಷ್ಟೇ ಅದರ ಇತಿಹಾಸ.

ಈಗ ಅದಕ್ಕೆ ‘ವಿಂಟೇಜ್’ ಅನ್ನಬೇಕಂತೆ. (ಅದೇ ವಯಸ್ಸಿನ ನಮಗೆ ಮಾತ್ರ ಮುದುಕರು ಅನ್ನುತ್ತಾರೆ.) ಇಂಥ ಕಾರ್ಡುಗಳಿಗೆಂದೇ ಗ್ರೇಡಿಂಗ್ ಕಂಪನಿಗಳಿವೆ. ಮೂಲೆ, ಅಂಚು, ಬಣ್ಣ ನೋಡಿ ಹತ್ತಕ್ಕೆ ಇಷ್ಟು ಎಂದು ಅಂಕ ಕೊಟ್ಟು, ಆ ಅಂಕದ ಚೀಟಿ ಸಮೇತ ಗಟ್ಟಿ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸೀಲ್ ಮಾಡಿ ಕಳಿಸುತ್ತವೆ. ಈರಣ್ಣನ ಕಾರ್ಡಿಗೆ ಎಂಟು ಬಂದಿತ್ತು. ಅಂಗಡಿಯಲ್ಲಿ ದೇವರ ಫೋಟೋದ ಬಾಜುಕ್ಕೇ ಇಟ್ಟಿದ್ದ. ಗೋವಿನಜೋಳದ ಬೀಜ ಒಯ್ಯಲು ಬಂದವರೂ ಅದನ್ನು ನೋಡಿಯೇ ಹೋಗಬೇಕಿತ್ತು. ಸುಖವಾಗಿದ್ದ.

ಆಮೇಲೆ ಕಾರ್ಡು ಸಂಗ್ರಹಿಸುವವರ ವಾಟ್ಸಾಪ್ ಗ್ರೂಪ್ ಸೇರಿದ. ಸುಖ ಮುಗಿಯಿತು. ಆ ಕಂಪನಿಯ ಎಂಟಕ್ಕೆ ಕಿಮ್ಮತ್ತಿಲ್ಲ ಎಂದರಂತೆ ಅಲ್ಲಿಯವರು. ಇನ್ನೊಂದು ದೊಡ್ಡ ಕಂಪನಿ ಇದೆ, ಅದರ ಡಬ್ಬಿ ಸೇರಿದರೆ ಮಾನ, ಅದೃಷ್ಟವಿದ್ದರೆ ಒಂಬತ್ತು. ಹಳೆಯ ಡಬ್ಬಿ ಸಮೇತ ಕಳಿಸಿದರೆ ಮಲತಾಯಿ ಕಣ್ಣಿನಿಂದ ನೋಡುತ್ತಾರೆ, ಒಡೆದು ಬರೀ ಕಾರ್ಡು ಕಳಿಸು ಎಂಬ ಸಲಹೆಯೂ ಬಂತು.

ಕಾರ್ಡು ಅದೇ, ಚಿತ್ರ ಅದೇ, ಡಬ್ಬಿ ಬದಲಾದರೆ ಅದು ಹೇಗೆ ಸುಧಾರಿಸುತ್ತದೆ ಎಂದು ಕೇಳಿದೆ. ನಿನಗೆ ತಿಳಿಯುವುದಿಲ್ಲ ಎಂದ. ನಿಜ, ನನಗೆ ಬಹಳ ಸಂಗತಿ ತಿಳಿಯುವುದಿಲ್ಲ. ಒಬ್ಬ ಜ್ಯೋತಿಷಿ ಜಾತಕ ಕೂಡಲಿಲ್ಲ ಎಂದರೆ, ಕೂಡಿಸಿಕೊಡುವ ಜ್ಯೋತಿಷಿ ಸಿಗುವವರೆಗೆ ಅಡ್ಡಾಡುತ್ತೇವೆ. ಶುಗರ್ ಹೆಚ್ಚು ಬಂದರೆ ಪೇಢೆ ಬಿಡುವುದಿಲ್ಲ, ಲ್ಯಾಬ್ ಬಿಡುತ್ತೇವೆ. ಇದಕ್ಕೆಲ್ಲ ಸೆಕೆಂಡ್ ಒಪಿನಿಯನ್ ಎಂಬ ಮರ್ಯಾದೆಯ ಹೆಸರು ಬೇರೆ!

ಪಂಚಮಿಯ ದಿನವೇ ಒಡೆಯುವ ಮುಹೂರ್ತ. ಜಮಖಾನೆ ಹಾಸಿ, ಗ್ಲೌಸ್ ಹಾಕಿಕೊಂಡು, ಗರಗಸದ ಬ್ಲೇಡಿನಿಂದ ಡಬ್ಬಿಯ ಅಂಚು ಕೊಯ್ದ. ಹಬ್ಬಕ್ಕೆಂದು ಕಲಘಟಗಿಯಿಂದ ತವರಿಗೆ ಬಂದಿದ್ದ ಗಿರಿಜಕ್ಕ ಪಕ್ಕದಲ್ಲೇ ಕೂತಿದ್ದಳು. ಕಾರ್ಡು ಹೊರಬಂದೊಡನೆ ನಗುತ್ತ ಕೈ ಚಾಚಿದಳು.

“ಮುಟ್ಟಬ್ಯಾಡ ಅಕ್ಕಾ. ಕೈಯಾಗಿನ ಜಿಡ್ಡು ಹತ್ತತೈತಿ.”

ಗಿರಿಜಕ್ಕ ಕೈ ಹಿಂದಕ್ಕೆ ತೆಗೆದುಕೊಂಡಳು. ಸೆರಗಿಗೆ ಒರೆಸಿಕೊಂಡಳು. ಬೆಳಿಗ್ಗೆಯಿಂದ ಇವನಿಗಾಗಿ ಉಂಡಿ ಕಟ್ಟಿದ ಕೈ ಅದು. ನಾನು ಅವಳ ಮುಖ ನೋಡಲಿಲ್ಲ.

ಕಾರ್ಡು ಕೊರಿಯರ್‌ನಲ್ಲಿ ಹೋಯಿತು. ಎಷ್ಟೋ ತಿಂಗಳ ಮೇಲೆ, ಹೋದ ವಾರ, ವಾಪಸ್ ಬಂತು. ಒಂಬತ್ತೂ ಇಲ್ಲ, ಎಂಟೂ ಇಲ್ಲ, ಡಬ್ಬಿಯೂ ಇಲ್ಲ. ಅಂಚುಗಳನ್ನು ಯಾರೋ ಕತ್ತರಿಸಿದ್ದಾರೆ, ಅಳತೆ ಕಮ್ಮಿ ಇದೆ, ಅಂಕ ಕೊಡಲಾಗದು ಎಂದಿದ್ದರು. ಮತ್ತೆ ಹಳೆಯ ಎಂಟು? ಅದು ಒಡೆದ ಪ್ಲಾಸ್ಟಿಕ್ಕಿನ ಜೊತೆ ಕಸಕ್ಕೆ ಹೋಗಿತ್ತು.

ಕಂಪನಿಯವರೇ ಕತ್ತರಿಸಿದ್ದಾರೆ ಎಂದು ಈರಣ್ಣ ಅಂಗಡಿಯಲ್ಲಿ ಹಾರಾಡಿದ. ಅಕ್ಕನಿಗೆ ಫೋನ್ ಹಚ್ಚಿ, ಸ್ಪೀಕರ್ ಹಾಕಿ, ಕಾರ್ಡು ಮೊದಲು ಹೇಗಿತ್ತು ಹೇಳು ಎಂದ. ಸಾಕ್ಷಿಗೆ ನಾನು.

“ಕಂಪನ್ಯಾವ್ರಲ್ಲೋ, ನಾನಽ ಕತ್ತರಿಸೀನಿ,” ಎಂದಳು ಗಿರಿಜಕ್ಕ. “ಕಿಸೆದಾಗ ಇಟ್ಟು ಇಟ್ಟು ಅಂಚೆಲ್ಲಾ ಹಿಂಜಿ ಹೋಗಿತ್ತು. ಸಾಲೀಗೆ ಹೋಗೂದಿಲ್ಲಂತ ಅಳಕೋತ ಕುಂತಿದ್ದಿ. ಅವ್ವನ ಕತ್ತರಿ ತಗೊಂಡು ನಾಕೂ ಕಡೆ ನೀಟ್ ಮಾಡಿ ಕೊಟ್ಟೆ. ಆವಾಗ ಎಷ್ಟು ಖುಷಿ ಆಗಿತ್ತು ನಿನಗ.”

ಅಂದರೆ ಮೊದಲ ಕಂಪನಿಯ ತಜ್ಞರು ಮೆಚ್ಚಿ ಎಂಟು ಕೊಟ್ಟದ್ದು ಗಿರಿಜಕ್ಕನ ಕತ್ತರಿಗೆ!

ಇಲ್ಲಿಗಾದರೂ ಈರಣ್ಣ ನಗಬೇಕಿತ್ತು. “ನೀನಽ ಹಾಳ ಮಾಡಿದಿ ನೋಡು,” ಎಂದ. ಒಲೆಯ ಮೇಲೆ ಹಾಲಿಟ್ಟಿದ್ದೇನೆ ಎಂದು ಹೇಳಿ ಗಿರಿಜಕ್ಕ ಫೋನ್ ಇಟ್ಟಳು.

ತರಿಸಿದ ಚಹಾ ಕುಡಿಯದೆ ನಾನು ಎದ್ದೆ. ಅವನು ಆಗಲೇ ಗ್ರೂಪ್ ತೆರೆದಿದ್ದ. ಮೂರನೇ ಕಂಪನಿ ಒಂದಿದೆಯಂತೆ. ಅವರು ಅಂಚು ಅಷ್ಟಾಗಿ ನೋಡುವುದಿಲ್ಲವಂತೆ.

ಕಾರ್ಡಿನ ಮಾತು ಬಿಡಿ. ಈ ತಮ್ಮನಿಗೆ ನೀವು ಹತ್ತಕ್ಕೆ ಎಷ್ಟು ಕೊಡುತ್ತೀರಿ?