ಜಪಾನಿನ ತಾತನಿಗೊಂದು ಎಲೆ

“ಕಣ್ಣು, ಈಯಮ್ಮ ಜಪಾನಿನವರಾ?” ಎಂದು ಅಜ್ಜಿ ನನ್ನನ್ನು ಮುದ್ದಿನಿಂದ ಕರೆದು ಕೇಳಿದಾಗ, ಹೌದೆನ್ನಲು ಹಿಂಜರಿದೆ. ಯುದ್ಧಕಾಲದಲ್ಲಿ ಜಪಾನೀ ಸೈನ್ಯ ಸಮುದ್ರದಾಚೆಯ ರಬ್ಬರ್ ತೋಟದಿಂದ ಬರ್ಮಾದ ರೈಲುಹಾದಿ ಕೆಲಸಕ್ಕೆ ಎಳೆದೊಯ್ದ ಅಜ್ಜಿಯ ಅಪ್ಪ ಮರಳಿರಲಿಲ್ಲ. ಅಂದು ಮಹಾಲಯ ಅಮಾವಾಸ್ಯೆ. ತಿರುಪ್ಪೂರಿನ ನಮ್ಮ ಮನೆಯಲ್ಲಿ ಅವನಿಗೆ ಎಲೆ ಹಾಕಿ, ಉಡಲು ಹೊಸ ವೇಷ್ಟಿ ಇಟ್ಟಿದ್ದೆವು. ಬನಿಯನ್ ಖರೀದಿಗೆ ಬಂದಿದ್ದ ಯೂಕೋ ಅದು ಯಾರಿಗೆಂದು ಕೇಳಿದರು. ಅಳುಕುತ್ತಲೇ ಹೇಳಿದೆ. ಸೈನಿಕನಾಗಿ ಬರ್ಮಾಕ್ಕೆ ಹೋದ ತಮ್ಮ ತಾತನೂ ಬರಲಿಲ್ಲ ಎಂದು ಅವರು ತಲೆತಗ್ಗಿಸಿದರು. ಅಜ್ಜಿಗೂ ಅದನ್ನು ತಿಳಿಸಿದೆ.

ಟೀವಿಯಲ್ಲಿ ನಮ್ಮ ದೇಶದ, ಜಪಾನಿನ ನಾಯಕರು ಯುದ್ಧಸ್ಮಾರಕಕ್ಕೆ ಹೂವಿಟ್ಟು, ಸ್ನೇಹದ ಒಪ್ಪಂದಕ್ಕೆ ಸಹಿ ಹಾಕುತ್ತಿದ್ದರು. ಅಜ್ಜಿ ಅತ್ತ ನೋಡಿದಳು.

“ಸರಕಾರದವರು ಸತ್ತವರ ಮುಂದೆ ಹೂವಿಟ್ಟು ತಮ್ಮ ಕೆಲಸ ಮುಗಿಸ್ಕೋತಾರೆ. ಅನ್ನ ಯಾರಿಡ್ತಾರೆ? ಆ ತಾತನಿಗೂ ಒಂದೆಲೆ ಹಾಕು.”

ಈ ವರ್ಷ ಮಹಾಲಯದ ಬೆಳಿಗ್ಗೆ ಜಪಾನಿನಿಂದ ಯೂಕೋ ಫೋನ್ ಮಾಡಿದರು: “ತಾತನ ಎಲೆಗೆ ಖಾರ ಕಡಿಮೆ ಹಾಕಿ.” ಅಜ್ಜಿ ಆಗಲೇ ಬೇರೆ ಸಾರು ಇಳಿಸಿಟ್ಟಿದ್ದಳು.