ಜಗಳೂರಿನ ಖಾತೆ

ನನ್ನ ದುಡ್ಡು ಇರುವ ಬ್ಯಾಂಕನ್ನು ಕಂಡರೆ ನನಗೆ ಆಗುವುದಿಲ್ಲ. ಅಲ್ಲಿ ಫ್ಯಾನು ತಿರುಗುವುದಿಲ್ಲ, ಊಟದ ಹೊತ್ತು ಮುಗಿಯುವುದಿಲ್ಲ. ಕೌಂಟರಿನ ಪೆನ್ನನ್ನು ದಾರಕ್ಕೆ ಕಟ್ಟಿದ್ದಾರೆ. ದಾರ ಇದೆ, ಪೆನ್ನು ಇಲ್ಲ. ಇಷ್ಟೆಲ್ಲ ಗೊತ್ತಿದ್ದೂ ಮನೆ ಕೊಳ್ಳಬೇಕೆಂದು ಕೂಡಿಟ್ಟ ದುಡ್ಡನ್ನೆಲ್ಲ ಅಲ್ಲೇ ಇಟ್ಟೆ. ತಲೆ ಕೆಟ್ಟಿತ್ತಾ ಅಂತ ಕೇಳಬೇಡಿ. ನನ್ನ ಇಷ್ಟು ವರ್ಷದ ಬದುಕಿನಲ್ಲಿ ನಾನು ಮಾಡಿದ ಬುದ್ಧಿವಂತ ಕೆಲಸ ಅದೊಂದೇ.

ಖಾತೆ ಅನ್ನುವ ಮಾತೇ ಒಂದು ಚೇಷ್ಟೆಯ ಮಾತು ನೋಡಿ. ಬ್ಯಾಂಕಿನಲ್ಲಿರುವುದೂ ಖಾತೆ, ಮಂತ್ರಿಗಳು ಮುನಿಸಿಕೊಳ್ಳುವುದೂ ಖಾತೆಗೆ, ಮನೆ ನಮ್ಮದಾಯಿತು ಅನ್ನಬೇಕಾದರೂ ಮೊದಲು ಖಾತೆ ಆಗಬೇಕು. ನಾಲಿಗೆ ಒಂಚೂರು ಹೊರಳಿದರೆ ಅದೇ ಕ್ಯಾತೆ. ಅದನ್ನು ತೆಗೆದವರ ಸಹವಾಸಕ್ಕೆ ಯಾರೂ ಬರುವುದಿಲ್ಲ. ನನ್ನ ಉಳಿತಾಯ ಖಾತೆ ಜಗಳೂರಿನಲ್ಲಿದೆ ಅಂದರೆ ಸಾಕು, "ಜಗಳದ ಊರಿಗೆ ಹೋಗಿ ಕ್ಯಾತೆ ತೆಗ್ದಿದೀಯಾ ಅನ್ನು" ಎಂದು ಹಲ್ಲು ಕಿಸಿಯುವವರಿದ್ದಾರೆ. ಕಿಸಿಯಲಿ. ಆ ಊರಿಗೂ ಜಗಳಕ್ಕೂ ಏನು ಸಂಬಂಧವೋ ನಾನರಿಯೆ. ಬಸ್ಸಿನ ಸೀಟಿಗೆ ಆಗುವ ಜಗಳ ಎಲ್ಲ ಊರಲ್ಲೂ ಅಷ್ಟೇ ಜೋರು.

ನಾನು ಲ್ಯಾಬ್ ಟೆಕ್ನಿಷಿಯನ್. ಜನರ ಮೈಯಿಂದ ರಕ್ತ ತೆಗೆಯುವುದು ನನ್ನ ಕಸುಬು. ಹುಟ್ಟಿದ್ದು ಜಗಳೂರು ತಾಲ್ಲೂಕಿನ ಬಿಳಿಚೋಡಿನಲ್ಲಿ. ಹೈಸ್ಕೂಲಿನಲ್ಲಿದ್ದಾಗ ಸ್ಕಾಲರ್‌ಶಿಪ್ ಬರಲಿ ಅಂತ ಅವ್ವ ಜಗಳೂರಿಗೆ ಕರೆದೊಯ್ದು ಅಲ್ಲೊಂದು ಖಾತೆ ತೆಗೆಸಿದ್ದಳು. ಮೊದಲ ಕೆಲಸ ಚನ್ನಗಿರಿಯಲ್ಲಿ ಸಿಕ್ಕಿತು. ಸಂಬಳ ಹಾಕಾಕೆ ನಮ್ಮ ಬ್ಯಾಂಕಲ್ಲೇ ಖಾತೆ ಬೇಕು ಅಂದರು ಲ್ಯಾಬಿನವರು. ಅಲ್ಲಿಂದ ನ್ಯಾಮತಿಗೆ ಬಂದೆ. ಅಲ್ಲೂ ಅದೇ ಮಾತು. ಕೊನೆಗೆ ಹೊನ್ನಾಳಿ. ಹೀಗೆ ನಾಲ್ಕು ಊರಲ್ಲಿ ನನ್ನ ಹೆಸರಿನ ಖಾತೆಗಳಾದವು. ದೊಡ್ಡ ಸಾಹುಕಾರ್ತಿ ಅಂದುಕೊಳ್ಳಬೇಡಿ. ನಾಲ್ಕರಲ್ಲೂ ಬರೀ ಗಾಳಿ ಆಡುತ್ತಿತ್ತು.

ಮನೆಯ ಆಸೆ ನನಗೆ ಮೊದಲಿನಿಂದ ಇರಲಿಲ್ಲ. ಅದು ಹುಟ್ಟಿದ್ದು ಹೊನ್ನಾಳಿಯ ಒಂದು ಬಾಡಿಗೆ ಮನೆಯ ಮೆಟ್ಟಿಲ ಮೇಲೆ. ಅವ್ವನೂ ನನ್ನ ಜೊತೆಗಿರಲಿ ಅಂತ ಎರಡು ಕೋಣೆಯ ಮನೆ ನೋಡಿದ್ದೆ. ಬಾಡಿಗೆ ಒಪ್ಪಿಗೆಯಾಗಿ, ಅಡ್ವಾನ್ಸಿನ ಮಾತೂ ಮುಗಿದಿತ್ತು. ಅವ್ವ ಆಗಲೇ ಮೂಲೆಯಲ್ಲಿದ್ದ ಪೊರಕೆ ಹಿಡಿದು ಕೋಣೆ ಗುಡಿಸಲು ಶುರು ಮಾಡಿದ್ದಳು. ಆಗ ಮನೆಯ ಯಜಮಾನಿ, ಏನೋ ಮರೆತಿದ್ದು ನೆನಪಾದವರ ಹಾಗೆ, "ಅಂದಂಗೆ ನೀವು ಯಾವ ಜನ?" ಅಂದರು. ನಾವು ಯಾವ ಜನವೋ ಅದನ್ನು ಹೇಳಿದೆವು. ಅವರಿಗೆ ತಕ್ಷಣ ಮತ್ತೊಂದು ನೆನಪಾಯಿತು. "ಅಯ್ಯೋ, ನಮ್ಮ ತಂಗಿ ಮಗ ಬರ್ತಾನಂತಮ್ಮ ಇಲ್ಲಿಗೆ, ಮರ್ತೇಬಿಟ್ಟಿದ್ದೆ!" ಅವ್ವ ಗುಡಿಸಿದ ಕಸವನ್ನು ಅರ್ಧಕ್ಕೆ ಬಿಡಲಿಲ್ಲ. ಪೂರ್ತಿ ಬಾಚಿ ಹೊರಗೆ ಹಾಕಿ, ಪೊರಕೆಯನ್ನು ಇದ್ದ ಮೂಲೆಯಲ್ಲೇ ಇಟ್ಟು, "ನಡಿ, ಬಸ್ಸೈತೆ" ಅಂದಳು. ಬಸ್ಸಿನಲ್ಲಿ ಕೂತ ಮೇಲೆ ಅವ್ವ ಕಿಟಕಿ ಕಡೆ ನೋಡುತ್ತಾ, "ಯಾರೂ ಏನೂ ಕೇಳದಿರೋ ಒಂದು ಹೊಸಿಲು ಮಾಡಿಕೊಳ್ಳೇ ತಾಯಿ. ಗುಡಿಸೋದು ನಾನು ಗುಡಿಸ್ತೀನಿ" ಅಂದಳು. ಮನೆ ಕೊಳ್ಳಲೇಬೇಕು ಅಂತ ಅಲ್ಲೇ ತೀರ್ಮಾನವಾಯಿತು. ಉಳಿದಿದ್ದು ದುಡ್ಡೊಂದೇ.

ಯಾವ ಖಾತೆಯಲ್ಲಿ ಕೂಡಿಡಬೇಕು ಅನ್ನುವುದಕ್ಕೆ ನಮ್ಮ ಲ್ಯಾಬಿನ ಗೀತಕ್ಕನ ಸಲಹೆ ಕೇಳಿದೆ. ಬಡ್ಡಿಯ ವಿಷಯದಲ್ಲಿ ಗೀತಕ್ಕನ ಮುಂದೆ ಮ್ಯಾನೇಜರುಗಳೂ ತಡವರಿಸುತ್ತಾರೆ. "ಹೊನ್ನಾಳಿದು ಇಟ್ಕೋ. ಬಡ್ಡಿ ಒಂಚೂರು ಜಾಸ್ತಿ, ಎಲ್ಲಾ ಫೋನಲ್ಲೇ ಆಗ್ತೈತೆ" ಅಂದಳು. ಆಗುತ್ತಿತ್ತು, ನಿಜ. ಎಲ್ಲವೂ ಫೋನಲ್ಲೇ ಆಗುತ್ತಿತ್ತು. ರಾತ್ರಿ ಮಲಗುವ ಮೊದಲು ಒಂದು ಚೂಡಿದಾರ್ ಆಗುತ್ತಿತ್ತು, ಸಂಜೆ ಗೋಬಿ ಆಗುತ್ತಿತ್ತು, ಯಾರದೋ ಮದುವೆಯ ಮುಯ್ಯಿ ಆಗುತ್ತಿತ್ತು. ಬಡ್ಡಿ ಮೂರು ತಿಂಗಳಿಗೊಮ್ಮೆ ಬೆಕ್ಕಿನ ಹೆಜ್ಜೆ ಇಟ್ಟು ಬಂದರೆ ಅಸಲು ದಿನಾ ಓಡಿಹೋಗುತ್ತಿತ್ತು. ನ್ಯಾಮತಿಯದಕ್ಕೆ ಬದಲಾಯಿಸಿದೆ. ಅದರ ಎಟಿಎಂ ಬಸ್ ಸ್ಟ್ಯಾಂಡಿನ ಎದುರಿಗೇ ಇದೆ, ಪಕ್ಕದಲ್ಲೇ ಸೀರೆ ಅಂಗಡಿ. ಲ್ಯಾಬಿನ ಸ್ಯಾಂಪಲ್ ತರಲು ನ್ಯಾಮತಿ ಮೇಲೆ ಹೋಗುವಾಗ ಸವಳಂಗದ ಬಸ್ಸು ತಡವಾದಾಗಲೆಲ್ಲ ನನ್ನ ಮನೆಯ ಒಂದೊಂದು ಇಟ್ಟಿಗೆ ಆ ಅಂಗಡಿಗೆ ಹೋಯಿತು. ಚನ್ನಗಿರಿಯದರ ಗತಿ ಹೇಳುವುದೇ ಬೇಡ.

ಉಳಿದದ್ದು ಜಗಳೂರು. ಆ ಖಾತೆಗೆ ಕಾರ್ಡಿಲ್ಲ, ಫೋನಿಗೆ ಅದು ಗೊತ್ತೇ ಇಲ್ಲ. ದುಡ್ಡು ಹಾಕುವುದನ್ನು ಇದ್ದಲ್ಲಿಂದಲೇ ಹಾಕಬಹುದು. ತೆಗೆಯಬೇಕಾದರೆ ಮಾತ್ರ ರಜೆ ಹಾಕಿ, ದಾವಣಗೆರೆಯಲ್ಲಿ ಬಸ್ಸು ಬದಲಿಸಿ, ನಾನೇ ಹೋಗಿ ನಿಲ್ಲಬೇಕು. ಹೋಗಿ ನಿಂತರೂ ಕ್ಯಾಶಿಯರ್ ಸಾಹೇಬರಿದ್ದಾರೆ. ಅವರಿಗೆ ಕಿವಿ ಸ್ವಲ್ಪ ಮಂದ, ಹಾಗಾಗಿ ಗಂಟಲು ಬಹಳ ದೊಡ್ಡದು. ಚೀಟಿ ನೋಡಿದ ಕೂಡಲೇ ಕನ್ನಡಕ ಮೇಲೆತ್ತಿ, ಇಡೀ ಸಾಲಿಗೆ ಕೇಳುವ ಹಾಗೆ, "ಯಾಕಮ್ಮಾ ತೆಗಿತೀರಿ?" ಅಂತಾರೆ. ಕೇಳುವ ಹಕ್ಕು ಅವರಿಗಿದೆಯೋ ಇಲ್ಲವೋ ನನಗೆ ಗೊತ್ತಿಲ್ಲ. ಉತ್ತರ ಹೇಳದೆ ದುಡ್ಡು ತಂದವರನ್ನಂತೂ ನಾನು ನೋಡಿಲ್ಲ.

ಆ ಖಾತೆಯಲ್ಲಿ ಒಂದಿಷ್ಟು ಕೂಡಿದ ಮೇಲೆ, ಒಂದು ಸಲ ಹೊಸ ಫೋನಿನ ಹುಚ್ಚು ಹತ್ತಿ ಅಲ್ಲಿಗೂ ಹೋದೆ. ಎಂದಿನ ಪ್ರಶ್ನೆ ಬಂತು. "ಫೋನ್ ತಗೊಳ್ಳಾಕೆ" ಅಂದೆ ಮೆಲ್ಲಗೆ. "ಏನೂ?" ಅಂದರು. "ಫೋನ್ ರೀ!" ಅಂತ ಕೂಗಬೇಕಾಯಿತು. ನನ್ನ ಹಿಂದೆ ಪಿಂಚಣಿಗೆ ನಿಂತಿದ್ದ ಒಬ್ಬ ಅಜ್ಜಿ ನನ್ನ ಕೈಯಲ್ಲಿದ್ದ ಫೋನನ್ನು ತಿರುಗಿಸಿ ನೋಡಿ, "ಯಾಕವ್ವಾ, ಇದು ಮಾತಾಡಲ್ಲೇನು?" ಅಂದಳು. ಸಾಲೆಲ್ಲ ನಕ್ಕಿತು. ನಾಚಿಕೆಯಾಗಿ, ಚೀಟಿ ಹರಿದು, ಊಟಕ್ಕೆಂದು ಇಟ್ಟುಕೊಂಡಿದ್ದ ನೋಟನ್ನೂ ಅದೇ ಖಾತೆಗೆ ಕಟ್ಟಿ, ಹಸಿದುಕೊಂಡು ಹೊನ್ನಾಳಿಗೆ ಬಂದೆ. ಆವತ್ತು ನನಗೆ ಖಾತ್ರಿಯಾಯಿತು. ಬಡ್ಡಿ ಕೊಡುವ ಬ್ಯಾಂಕುಗಳು ಬೇಕಾದಷ್ಟಿವೆ. ನಾಚಿಕೆ ಕೊಡುವ ಬ್ಯಾಂಕು ಸಿಗಬೇಕಾದರೆ ಪುಣ್ಯ ಮಾಡಿರಬೇಕು.

ಅಲ್ಲಿಂದ ಮುಂದೆ ಸಂಬಳ ಬಂದ ದಿನವೇ ಅರ್ಧ ಜಗಳೂರಿಗೆ ಹೋಗತೊಡಗಿತು. ವರ್ಷಗಳು ಹಿಡಿದವು, ಸುಳ್ಳು ಹೇಳುವುದಿಲ್ಲ. ಗೀತಕ್ಕ ಬಡ್ಡಿಯ ಲೆಕ್ಕ ಹಾಕಿ ನನ್ನನ್ನು ನೋಡಿ ಲೊಚಗುಟ್ಟುತ್ತಲೇ ಇದ್ದಳು. ಕೊನೆಗೆ ಹೊನ್ನಾಳಿಯಲ್ಲೇ ಒಂದು ಚಿಕ್ಕ ಮನೆ ಮಾರಾಟಕ್ಕೆ ಬಂತು. ಕೆಳಗೆ ಎರಡು ಕೋಣೆ, ಮೇಲೊಂದು ಶೀಟಿನ ಕೋಣೆ. ಸ್ವಲ್ಪ ಸಾಲ ಮಾಡಿದರೂ ಮುಂಗಡಕ್ಕೆ ಬೇಕಾದ ಅಷ್ಟೂ ದುಡ್ಡು ಜಗಳೂರಿನಲ್ಲಿ ಹಂಗೇ ಕೂತಿತ್ತು.

ಅವ್ವನನ್ನೂ ಕರೆದುಕೊಂಡೇ ಹೋದೆ. ನಿಜ ಹೇಳಬೇಕೆಂದರೆ ದುಡ್ಡಿಗಿಂತ ಹೆಚ್ಚಾಗಿ ನಾನು ಕಾಯುತ್ತಿದ್ದದ್ದು ಆ ಪ್ರಶ್ನೆಗೆ. ಸಾಹೇಬರು ಚೀಟಿ ನೋಡಿದರು, ಕನ್ನಡಕ ಎತ್ತಿದರು. "ಇಷ್ಟೊಂದು ಯಾಕಮ್ಮಾ ತೆಗಿತೀರಿ?"

"ಮನೆ ತಗೊಳ್ಳಾಕೆ ರೀ!" ಅಂದೆ. ಅವರ ಕಿವಿಗೆ ಬೇಕಾದ್ದಕ್ಕಿಂತ ಬಹಳ ಜೋರಾಗಿ, ಹೊನ್ನಾಳಿಯ ಆ ಯಜಮಾನಿಗೂ ಕೇಳಲಿ ಅನ್ನುವ ಹಾಗೆ. ಸಾಹೇಬರು ಕುರ್ಚಿಯಿಂದ ಎದ್ದೇಬಿಟ್ಟರು. "ಬಾಳ ಚಲೋ ಆತು ಬಿಡ್ರಿ! ಪೂರಾ ತೆಗೀಬ್ಯಾಡ್ರಿ ಮತ್ತೆ, ಒಂಚೂರು ಇಡ್ರಿ, ಖಾತೆ ಜೀವಂತ ಇರ್ಲಿ" ಅಂದರು. ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡು, ಫ್ಯಾನು ಸರಿ ಮಾಡಿಸಿಕೊಳ್ಳಿ ಅಂತ ಅವರಿಗೇ ಬುದ್ಧಿ ಹೇಳಿ ಬಂದಳು.

ಈಗ ಮನೆಯ ಖಾತೆ ಅವ್ವನ ಹೆಸರಿಗೂ ನನ್ನ ಹೆಸರಿಗೂ ಜಂಟಿಯಾಗಿ ಆಗಿದೆ. ದಿನಾ ಬೆಳಿಗ್ಗೆ ಅವ್ವ ಹೊಸಿಲನ್ನು ಗುಡಿಸುವ ಸದ್ದಿಗೇ ನನಗೆ ಎಚ್ಚರ. ಅಷ್ಟು ಗುಡಿಸುವ ಕಸ ನಮ್ಮಲ್ಲಿಲ್ಲ, ಆದರೂ ಗುಡಿಸುತ್ತಾಳೆ.

ಹೋದ ತಿಂಗಳು ಮೇಲಿನ ಕೋಣೆ ಬಾಡಿಗೆಗಿದೆ ಅಂತ ಬೋರ್ಡು ಹಾಕಿದೆವು. ಹೊಸದಾಗಿ ಮದುವೆಯಾದ ಜೋಡಿಯೊಂದು ಬಂತು. ಕೋಣೆ ನೋಡಿ, ಬಾಡಿಗೆ ಒಪ್ಪಿ, ಆಮೇಲೆ ಆ ಹುಡುಗ ಗಂಟಲು ಸರಿಮಾಡಿಕೊಂಡು, ಎಷ್ಟೋ ಮೆಟ್ಟಿಲ ಮೇಲೆ ಹೇಳಿ ಹೇಳಿ ಸಾಕಾದ ದನಿಯಲ್ಲಿ, "ಅಮ್ಮಾ, ಮೊದ್ಲೇ ಹೇಳ್ಬಿಡ್ತೀವಿ, ನಾವು..." ಅಂತ ಶುರು ಮಾಡಿದ.

"ಅದೆಲ್ಲ ಬ್ಯಾಡಪ್ಪಾ" ಅಂದಳು ಅವ್ವ. "ನಿನ್ನ ಬ್ಯಾಂಕಿನ ಖಾತೆ ಯಾವೂರಾಗೈತೆ, ಅಷ್ಟು ಹೇಳು."

ಹುಡುಗ ತಬ್ಬಿಬ್ಬಾದ. "ಇಲ್ಲೇ... ಬಸ್ ಸ್ಟ್ಯಾಂಡ್ ಹತ್ರ. ಎಲ್ಲಾ ಫೋನಲ್ಲೇ ಐತಮ್ಮ."

ಅವ್ವ ನನ್ನ ಮುಖ ನೋಡಿದಳು, ನಾನು ಅವ್ವನ ಮುಖ ನೋಡಿದೆ. ಅವಳು ಬೀಗದ ಕೈ ತೆಗೆದು ಆ ಹುಡುಗಿಯ ಅಂಗೈಯಲ್ಲಿಟ್ಟಳು.

"ತಗೋ ಮಗಳೇ. ಹಂಗಾದ್ರೆ ನೀವು ನಮ್ಮನ್ಯಾಗೆ ಬಾಳ ವರ್ಷ ಇರ್ತೀರಿ."